ಮುರಕಲ್ಲಿನ ಗೋಡೆ: ಸಿಲೇನ್ ಹೊಡೆದರೂ ತೇವ ನಿಲ್ಲದ್ದಕ್ಕೆ ಪರಿಹಾರ

ಮುರಕಲ್ಲಿನ ಹೊರಗೋಡೆಗೆ ಸಿಲೇನ್-ಸಿಲೋಕ್ಸೇನ್ (ಕಲ್ಲು ನೀರು ಹೀರದಂತೆ ತಡೆಯುವ ದ್ರಾವಣ) ಹೊಡೆದಿದ್ದರೂ ಮಳೆಗಾಲದಲ್ಲಿ ಒಳಗೆ ತೇವ. ತಪ್ಪಿದ್ದದ್ದು ಎರಡು ಕಡೆ. ಸಂದಿನ ಗಾರೆ ಬಿರುಕು ಬಿಟ್ಟಿತ್ತು. ಈ ದ್ರಾವಣ ಕಲ್ಲಿನ ರಂಧ್ರಗಳ ಒಳಮೈಗೆ ಹಿಡಿದು ನೀರನ್ನು ದೂಡುತ್ತದೆಯೇ ಹೊರತು ಬಿರುಕು ತುಂಬುವುದಿಲ್ಲ. ಎರಡನೇ ಕೋಟು ಮರುದಿನ ಹೊಡೆದದ್ದು; ನೀರಿನಲ್ಲಿ ಬೆರೆಸುವ ಮಾಲಾದರೆ, ಒಣಗಿದ ಮೊದಲ ಕೋಟೇ ಅದನ್ನು ಒಳಗೆ ಬಿಡುವುದಿಲ್ಲ.

ಸಂದುಗಳನ್ನು 20 ಮಿ.ಮೀ. ಕೆರೆದು 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ತುಂಬಿದೆ. 7 ದಿನ ಕ್ಯೂರಿಂಗ್ (ನೀರುಣಿಸುವುದು), ಮತ್ತೆ ಒಣಗಲು ಮೂರು ವಾರ ಬಿಸಿಲು. ಪಾಚಿ ಉಜ್ಜಿ, ನೀರು ಚಿಮುಕಿಸಿ ನೋಡಿ, ಹೀರಿಕೊಂಡ ಜಾಗಗಳಿಗಷ್ಟೇ ಹೊಡೆದೆ. ಕಿಟಕಿ ಗಾಜಿಗೆ ಪ್ಲಾಸ್ಟಿಕ್ ಹೊದಿಸಲೇಬೇಕು, ಕಲೆ ಹೋಗದು. ಕೈಪಂಪಿನಿಂದ ಕೆಳಗಿನಿಂದ ಮೇಲಕ್ಕೆ, ದ್ರಾವಣ ಗೇಣುದ್ದ ಇಳಿಯುವಷ್ಟು; 10–15 ನಿಮಿಷದೊಳಗೆ, ಹಸಿಯಿರುವಾಗಲೇ ಎರಡನೆಯದು. ಅಡಿಪಾಯದಿಂದ ಏರುವ ತೇವಕ್ಕೆ ಇದು ಮದ್ದಲ್ಲ.