ತಿಥಿಗೆ ಎರಡು ಗಳಿಗೆ: ಸೇಂಟ್ ಮೇರೀಸ್ ದ್ವೀಪಕ್ಕೆ ನಾನು ದಿನ ಇಡುವ ಬಗೆ

ಕಳೆದ ಋತುವಿನಲ್ಲಿ ಉಡುಪಿ ಬಳಿಯ ಮಲ್ಪೆಯಿಂದ, ಲಾವಾದ ಕಲ್ಲುಕಂಬಗಳಿಗೆ ಹೆಸರಾದ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು 30 ತಂಡಗಳನ್ನು ಕರೆದೊಯ್ದೆ. ದೋಣಿ ಬಿಡದೆ ದಕ್ಕೆಯಿಂದಲೇ ಹಿಂದಿರುಗಿದ್ದು ಎರಡೇ ಸಲ. ದ್ವೀಪಕ್ಕೆ ಹೋಗಿಯೂ ಕಂಬಕಲ್ಲುಗಳ ಬುಡ ನೋಡದೆ ಬಂದ ತಂಡ ಒಂದೂ ಇಲ್ಲ. ಸಮುದ್ರದ ನೀರು ಇಳಿಯುವ ಹೊತ್ತನ್ನು ತಿಥಿಯಿಂದ ಲೆಕ್ಕ ಹಾಕಿ ದಿನ ಇಡುತ್ತೇನೆ. "ಪ್ರವಾಸಕ್ಕೂ ಪಂಚಾಂಗ ನೋಡುತ್ತೀರಾ, ಮದುವೆಯೇ ಇದು?" ಎಂದು ಕೇಳಿದ್ದ, ನನ್ನಂತೆಯೇ ಪ್ರವಾಸ ನಡೆಸುವ ಉಡುಪಿಯ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೋಣಿ, ಟಿಕೆಟ್, ಟೆಂಪೊಗಳ ವಿಷಯ ನಿಮಗೆ ಹೊಸದಲ್ಲ, ಅದನ್ನು ಬಿಡುತ್ತೇನೆ.

ಮೊದಲು ನಾನೂ ಎಲ್ಲರಂತೆ ರಜೆ ನೋಡಿಯೇ ದಿನ ಇಡುತ್ತಿದ್ದೆ. 2019ರ ದೀಪಾವಳಿಗೆ ಬೆಂಗಳೂರಿನಿಂದ 42 ಜನ ಬಂದರು. ಅದೇ ವಾರ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ. ದೋಣಿ ನಿಂತಿತು. ಎರಡು ದಿನ ಮುಂದೂಡೋಣ ಎಂದುಕೊಳ್ಳುವಷ್ಟರಲ್ಲಿ ಹಿಂದೆಯೇ ಮಹಾ ಚಂಡಮಾರುತ ಎದ್ದಿತು. ಕೋಣೆಗಳ ಮುಂಗಡ, ಬಸ್ಸಿನ ಬಾಡಿಗೆ, ಹಿಂದಿರುಗಿಸಿದ ಹಣ ಎಲ್ಲ ಸೇರಿ ಹತ್ತಿರ ಹತ್ತಿರ 35,000 ರೂಪಾಯಿ ಕೈಬಿಟ್ಟಿತು. ಸೆಪ್ಟೆಂಬರ್ ನಡುವೆ ದ್ವೀಪದ ದಾರಿ ತೆರೆದರೂ ಅಕ್ಟೋಬರ್ ಇನ್ನೂ ನಂಬುವ ತಿಂಗಳಲ್ಲ ಎಂಬುದನ್ನು ಆ ಹಣ ಕೊಟ್ಟು ಕಲಿತೆ. ಮೇ ತಿಂಗಳೂ ಹಾಗೆಯೇ. 2021ರ ಮೇ ನಡುವೆ ತೌಕ್ತೆ ನಮ್ಮ ಕರಾವಳಿಯನ್ನು ಹೇಗೆ ಕೆರೆದು ಹೋಯಿತು ಎಂಬುದು ಎಲ್ಲರಿಗೂ ನೆನಪಿದೆ. ಈಗ ದೊಡ್ಡ ತಂಡಗಳನ್ನು ನವೆಂಬರ್ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಮಾತ್ರ ಒಪ್ಪಿಕೊಳ್ಳುತ್ತೇನೆ. ಅಕ್ಟೋಬರಿನಲ್ಲಿ ಬರಲೇಬೇಕೆಂದು ಹಟ ಹಿಡಿದವರಿಂದ ಕೋಣೆಯ ಹಣವನ್ನು ಪೂರ್ತಿ ಮೊದಲೇ ಪಡೆಯುತ್ತೇನೆ.

ತಿಂಗಳು ಸರಿಯಾದರೆ ಸಾಲದು ಎಂದು ತಿಳಿದದ್ದು ಇನ್ನೊಂದು ಪೆಟ್ಟು ತಿಂದ ಮೇಲೆ. ಜನವರಿಯ ಒಂದು ಹುಣ್ಣಿಮೆಯ ದಿನ ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಆಕಾಶ ತಿಳಿ, ಸಮುದ್ರ ಸಮತಟ್ಟು. ಹನ್ನೊಂದು ಗಂಟೆಗೆ ದ್ವೀಪದಲ್ಲಿ ಕಾಲಿಟ್ಟರೆ ಪೂರ್ಣ ಉಬ್ಬರ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಕಂಬಗಳನ್ನು ಅಳೆಯಲೆಂದು ಬಂದವರಿಗೆ ಕಂಡದ್ದು ನೀರಿನ ಮೇಲಿನ ತಲೆಗಳು ಮಾತ್ರ. ಅವರ ಉಪನ್ಯಾಸಕರು ನನಗೆ ಏನೂ ಹೇಳಲಿಲ್ಲ. ಅಳತೆಯ ಟೇಪನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಮರುವರ್ಷ ಆ ಕಾಲೇಜಿನವರು ನನ್ನನ್ನು ಕರೆಯಲೂ ಇಲ್ಲ.

ಆ ಸಂಜೆ ನಮ್ಮ ಮನೆಯ ಪಕ್ಕದ ಅಜ್ಜನ ಬಳಿ ಹೇಳಿಕೊಂಡೆ. ನಲವತ್ತು ವರ್ಷ ಬಲೆ ಎಳೆದವರು. "ಹುಣ್ಣಿಮೆಗೆ ಹನ್ನೊಂದು ಗಂಟೆಗೆ ನೀರು ತುಂಬಿರದೆ ಮತ್ತೇನು? ಇಳಿಯುವುದು ಸಂಜೆ ಐದಕ್ಕೆ. ತಿಥಿಗೆ ಎರಡು ಗಳಿಗೆ ಲೆಕ್ಕ ಹಿಡಿ ಮಗಾ, ತಪ್ಪುವುದಿಲ್ಲ" ಎಂದರು.

ಎರಡು ಗಳಿಗೆ ಎಂದರೆ 48 ನಿಮಿಷ. ಇಳಿತ ದಿನದಿಂದ ದಿನಕ್ಕೆ ಅಷ್ಟೇ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಸಂಜೆ ಐದರ ಸುಮಾರಿಗೆ ಇಳಿತವಾದರೆ ಅದರ ಹಿಂದಿನ ದಶಮಿಗೆ ಮಧ್ಯಾಹ್ನ ಒಂದಕ್ಕೆ, ಏಕಾದಶಿಗೆ ಒಂದೂಮುಕ್ಕಾಲಕ್ಕೆ, ದ್ವಾದಶಿಗೆ ಎರಡೂವರೆಗೆ. ಅಷ್ಟಮಿಗೆ ಹನ್ನೊಂದೂಕಾಲಕ್ಕೇ ಇಳಿತ ಸಿಗುತ್ತದೆ, ಆದರೆ ಆ ದಿನಗಳಲ್ಲಿ ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹುಣ್ಣಿಮೆಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಅಷ್ಟು ಹೊತ್ತಿಗೆ ಕೊನೆಯ ದೋಣಿಯ ಗಡಿಬಿಡಿ. ಎರಡೂ ಕಡೆ ಬಿಟ್ಟು ನಡುವೆ ಉಳಿಯುವುದು ದಶಮಿ, ಏಕಾದಶಿ, ದ್ವಾದಶಿ. ಶುಕ್ಲ ಪಕ್ಷಕ್ಕೆ ಮೂರು, ಕೃಷ್ಣ ಪಕ್ಷಕ್ಕೆ ಮೂರು, ತಿಂಗಳಿಗೆ ಆರು ದಿನ.

ನಾನು ಕೇಳಿದ ಮಾತನ್ನೇ ನಂಬಿ ಕೂರಲಿಲ್ಲ. ಬಿದಿರಿನ ಗಳಕ್ಕೆ ಕೆಂಪು ಬಣ್ಣದ ಗೆರೆ ಎಳೆದು, ನೆಟ್ಟು, ಎರಡು ತಿಂಗಳು ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ಗಳವನ್ನು ಹೊಳೆಯ ಒಳಗೆ ನೆಟ್ಟದ್ದು ತಪ್ಪಾಯಿತು: ಹೊರಗೆ ಸಮುದ್ರ ಇಳಿದ ಮೇಲೂ ಹೊಳೆಯ ನೀರು ಅರ್ಧ ಮುಕ್ಕಾಲು ಗಂಟೆ ಇಳಿಯುತ್ತಲೇ ಇತ್ತು. ಆ ತಪ್ಪಿನಿಂದ ಒಂದು ಲಾಭವೂ ಆಯಿತು. ಕೋಡಿಬೆಂಗ್ರೆಯ ಕಡೆ ಸ್ವರ್ಣಾ ನದಿಯಲ್ಲಿ ದೋಣಿ ತಿರುಗಿಸುವ ತಂಡಗಳಿಗೆ ಈಗ ಅದೇ ವ್ಯತ್ಯಾಸ ಹಿಡಿದು ಹೊತ್ತು ಹೇಳುತ್ತೇನೆ. ಸಮುದ್ರದ ಬದಿಯ ಎರಡನೆಯ ಗಳದಲ್ಲಿ ಅಜ್ಜನ ಲೆಕ್ಕ ಹೆಚ್ಚೆಂದರೆ ಅರ್ಧ ಗಂಟೆಯಷ್ಟು ಆಚೀಚೆಯಾಯಿತು. ಮುದ್ರಿತ ಉಬ್ಬರವಿಳಿತ ಪಟ್ಟಿಯನ್ನು ಈಗಲೂ ತಾಳೆ ನೋಡುತ್ತೇನೆ. ಆದರೆ ಮೂರು ತಿಂಗಳ ಮುಂಚೆ ಫೋನಿನಲ್ಲಿ ದಿನ ಕೇಳುವವರಿಗೆ ಗೋಡೆಯ ಕ್ಯಾಲೆಂಡರ್ ನೋಡಿಯೇ ಹೇಳಬಲ್ಲೆ.

ಇಳಿತಕ್ಕೆ ಒಂದು ಗಂಟೆ ಮೊದಲು ದ್ವೀಪದಲ್ಲಿರಬೇಕು. ನೀರು ಸರಿಯುತ್ತ ಹೋದಂತೆ ಕಂಬಗಳು ಒಟ್ಟಿ ನಿಲ್ಲಿಸಿದ ಸೌದೆಯ ಹಾಗೆ ಬುಡ ತೋರುತ್ತವೆ. ಒಂದಕ್ಕೆ ಐದು ಮುಖ, ಪಕ್ಕದ್ದಕ್ಕೆ ಆರು. ಮೇಲಿನ ಕಲ್ಲು ಒಣಗಿ ಬೂದಿಯ ಬಣ್ಣ, ಅದರ ಕೆಳಗೆ ಹಸಿರು ಪಾಚಿಯ ಪಟ್ಟಿ, ಅದಕ್ಕೂ ಕೆಳಗೆ ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳು. ತಲೆ ತಗ್ಗಾದ ಒಂದು ಕಂಬದಲ್ಲಿ ಬೊಗಸೆಯಷ್ಟು ನೀರು ನಿಂತು ಅದರಲ್ಲಿ ಬೆರಳುದ್ದದ ಮೀನೊಂದು ಸುತ್ತುತ್ತಿದ್ದುದನ್ನು ಶಾಲೆಯ ಮಕ್ಕಳು ಕಾಲು ಗಂಟೆ ಕುಳಿತು ನೋಡಿದ್ದಾರೆ. ಪಾಚಿಯ ಪಟ್ಟಿಯ ಮೇಲೆ ಮಾತ್ರ ಯಾರನ್ನೂ ಹತ್ತಲು ಬಿಡುವುದಿಲ್ಲ. ರಕ್ಷಕರು ಸೀಟಿ ಊದುವ ಮೊದಲೇ ನಾನು ಕೂಗುತ್ತೇನೆ.

ಗಾಳಿಯ ಲೆಕ್ಕ ಬೇರೆ. ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಗಾಳಿ, ನೀರು ಶಾಂತ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ಹಿಂದಿರುಗುವ ದೋಣಿಗೆ ನೀರು ಎರಚುತ್ತದೆ. ಆದ್ದರಿಂದ ಹಿರಿಯರಿರುವ ತಂಡಕ್ಕೆ ದಶಮಿ, ಇಳಿಬಿಸಿಲು ಬೇಕೆನ್ನುವ ಕ್ಯಾಮೆರಾದವರಿಗೆ ದ್ವಾದಶಿ. ಏಕಾದಶಿಗೆ ಇನ್ನೊಂದು ತೊಡಕಿದೆ: ಆ ದಿನ ಉಪವಾಸ, ಉಡುಪಿಯ ಕೃಷ್ಣ ಮಠದಲ್ಲಿ ಊಟವಿಲ್ಲ, ಮಠದ ಊಟವನ್ನೇ ನೆನೆದು ಬಂದವರು ಬೇಸರಗೊಳ್ಳುತ್ತಾರೆ. ದ್ವಾದಶಿಯಂದು ಬೆಳಗ್ಗೆಯೇ ಪಾರಣೆ, ಉಪವಾಸ ಮುರಿಯುವ ಊಟ. ಅಲ್ಲಿ ಉಂಡು ನಿಧಾನವಾಗಿ ಮಲ್ಪೆಗೆ ಹೊರಟರೂ ಇಳಿತಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ. ಜನವರಿ ನಡುವೆ ಮಠದಲ್ಲಿ ನಡೆಯುವ ಸಪ್ತೋತ್ಸವ, ಮಠದ ಪೂಜೆಯ ಹೊಣೆ ಕೈಬದಲಾಗುವ, ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ, ಈ ದಿನಗಳಲ್ಲಿ ತಿಥಿ ಎಷ್ಟೇ ಚೆನ್ನಾಗಿದ್ದರೂ ತಂಡ ತರುವುದಿಲ್ಲ, ಕೋಣೆ ಸಿಗುವುದಿಲ್ಲ.

ಆರು ದಿನಗಳಲ್ಲಿ ಹೆಚ್ಚಿನವು ವಾರದ ನಡುವೆ ಬೀಳುತ್ತವೆ, ಗಿರಾಕಿ ಬರುತ್ತಾನೆಯೇ ಎಂದು ಎಲ್ಲರೂ ಕೇಳಿದರು. ತಲೆಗೆ 200 ರೂಪಾಯಿ ಇಳಿಸಿದೆ, ಬಂದರು. ವಾರದ ನಡುವೆ ಕೋಣೆಗಳ ಬಾಡಿಗೆಯಲ್ಲಿ ನನಗೆ ತಲೆಗೆ 300ಕ್ಕೂ ಹೆಚ್ಚು ಮಿಗುತ್ತದೆ. ಮೊದಲು ಋತುವಿಗೆ 50,000ದ ಆಸುಪಾಸು ಉಳಿಯುತ್ತಿದ್ದ ನನಗೆ ಕಳೆದ ಋತುವಿನಲ್ಲಿ ಒಂದೂಕಾಲು ಲಕ್ಷ ಉಳಿಯಿತು. ಆ ಭೂವಿಜ್ಞಾನದ ಉಪನ್ಯಾಸಕರಿಗೆ ನಾನೇ ಪತ್ರ ಬರೆದು ಮಾಘ ಶುದ್ಧ ದ್ವಾದಶಿಗೆ ಕರೆಸಿದೆ. ಟೇಪು ಹೊರಗೆ ಬಂತು, ಬೆಳಕು ಇಳಿಯುವವರೆಗೂ ಒಳಗೆ ಹೋಗಲಿಲ್ಲ.

ಹಿಂದಿನ ಸಂಜೆ ಮಲ್ಪೆಯ ದಂಡೆಯಲ್ಲಿ ನಿಂತು ನಾನು ಗಮನಿಸುವ ಗುರುತೊಂದಿದೆ. ಅದನ್ನು ನೋಡಿದ ಮೇಲೆಯೇ ಮರುದಿನದ ತಂಡಕ್ಕೆ ಹೂಂ ಎನ್ನುತ್ತೇನೆ. ಅದು ಅಜ್ಜ ನನಗೊಬ್ಬನಿಗೆ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ. ಈ ವರ್ಷ ಗಳವನ್ನು ಮತ್ತೆ ನೆಡುತ್ತಿದ್ದೇನೆ. ಒಂದೇ ತಿಥಿಯ ಇಳಿತ ಡಿಸೆಂಬರಿಗೂ ಮಾರ್ಚಿಗೂ ಎಷ್ಟು ಬೆರಳು ವ್ಯತ್ಯಾಸವಾಗುತ್ತದೆ ಎಂದು ಬರೆದಿಡಬೇಕು.