ಭಾಷಾವಿಜ್ಞಾನಿಯ ಸೈಟೇಷನ್ ಲೆಕ್ಕ: ನಾನು ಮಾಡುವ ಬಗೆ

ಎಚ್-ಇಂಡೆಕ್ಸ್‌ಗೆ ನಾನು ಕೈ ಹಾಕುವುದು ಕಟ್ಟಕಡೆಗೆ. ಬರಹಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ (ಸೈಟೇಷನ್) ಎಂಬುದರಿಂದ ತೆಗೆಯುವ ಅಂಕಿ ಅದು: ತಲಾ ಕನಿಷ್ಠ 6 ಉಲ್ಲೇಖ ಪಡೆದ 6 ಬರಹಗಳಿದ್ದು, ತಲಾ ಕನಿಷ್ಠ 7 ಪಡೆದ 7 ಬರಹಗಳಿಲ್ಲದಿದ್ದರೆ ಅದು 6. ಮೊದಲು ಬೇಕಾದದ್ದು ಲೆಕ್ಕಕ್ಕೆ ತೆಗೆದುಕೊಂಡ ಭಾಷಾವಿಜ್ಞಾನಿಯ ಪೂರ್ತಿ ಬರಹಪಟ್ಟಿ: ಪುಸ್ತಕ, ವ್ಯಾಕರಣ, ನಿಘಂಟು, ಸಂಪಾದಿತ ಸಂಪುಟದ ಅಧ್ಯಾಯ, ಲೇಖನ, ಪಿಎಚ್‌ಡಿ ಪ್ರಬಂಧ, ಎಲ್ಲವೂ ವರ್ಷ ಸಮೇತ. ಅದನ್ನು ಅವರ ಸಿವಿಯಿಂದಲೇ ತೆಗೆದುಕೊಳ್ಳಬೇಕು. ಡೇಟಾಬೇಸ್ ಕೊಟ್ಟ ಪಟ್ಟಿಯಿಂದ ಶುರು ಮಾಡಿದರೆ, ಏನು ಬಿಟ್ಟುಹೋಗಿದೆ ಎಂಬುದು ಗೊತ್ತೇ ಆಗುವುದಿಲ್ಲ.

ಆಮೇಲೆ ಹೆಸರಿನ ರೂಪಗಳು. ಒಬ್ಬರೇ ಭಾಷಾವಿಜ್ಞಾನಿಗೆ ಎಂ.ಎ.ಕೆ. ಹ್ಯಾಲಿಡೇ ಎಂದೂ, ಮೈಕಲ್ ಹ್ಯಾಲಿಡೇ ಎಂದೂ, ಬರೀ ಎಂ. ಹ್ಯಾಲಿಡೇ ಎಂದೂ ಉಲ್ಲೇಖಗಳಿರುತ್ತವೆ. ಒಂದೊಂದನ್ನೂ ಬೇರೆಯಾಗಿ ಹುಡುಕುತ್ತೇನೆ. ಆರ್ಕಿಡ್ ಐಡಿ (ಸಂಶೋಧಕರೊಬ್ಬೊಬ್ಬರನ್ನು ಗುರುತಿಸುವ ಸಂಖ್ಯೆ, ORCID) ಇದ್ದರೆ ಅನುಕೂಲ. ಆದರೆ ಆ ವ್ಯವಸ್ಥೆ ಬಂದದ್ದು 2012ರಲ್ಲಿ, ಹಿರಿಯರ ಹಳೆಯ ಬರಹಗಳು ಅಲ್ಲಿ ತಾವಾಗಿ ಬಂದು ಕೂರುವುದಿಲ್ಲ.

ಹುಡುಕಾಟಕ್ಕೆ ಉಲ್ಲೇಖಗಳನ್ನು ಕಲೆಹಾಕಿ ಎಣಿಸುವ ಪಬ್ಲಿಷ್ ಆರ್ ಪೆರಿಷ್ ತಂತ್ರಾಂಶ ಬಳಸುತ್ತೇನೆ, ಅದಕ್ಕೆ ಮಾಹಿತಿಯ ಮೂಲ ಗೂಗಲ್‌ನ ವಿದ್ವತ್ ಬರಹಗಳ ಹುಡುಕಾಟ ತಾಣ ಗೂಗಲ್ ಸ್ಕಾಲರ್. ಒಂದು ಹುಡುಕಾಟಕ್ಕೆ 1000 ಫಲಿತಾಂಶವೇ ಮಿತಿ. ಅದು ಮುಟ್ಟಿದರೆ ವರ್ಷಗಳನ್ನು ತುಂಡು ಮಾಡಿ ಹುಡುಕಬೇಕು. ಒಂದರ ಹಿಂದೊಂದು ಬೇಗ ಬೇಗ ಹುಡುಕಿದರೆ ಗೂಗಲ್ ತಡೆಯುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಡೇಟಾಬೇಸ್‌ಗಳು ಎರಡೂ ಜರ್ನಲ್ ಕೇಂದ್ರಿತ. ಪುಸ್ತಕವೇ ಮುಖ್ಯ ಕೃಷಿಯಾಗಿರುವವರು ಅಲ್ಲಿ ಬಡವಾಗಿ ಕಾಣುತ್ತಾರೆ. ಹಾಗೆಂದು ಅವನ್ನು ಬಿಡುವುದಿಲ್ಲ. ವೆಬ್ ಆಫ್ ಸೈನ್ಸ್‌ನಲ್ಲಿ ಸೈಟೆಡ್ ರೆಫರೆನ್ಸ್ ಸರ್ಚ್ ಇದೆ. ಅಲ್ಲಿ ಇಂಡೆಕ್ಸ್ ಆಗದ ಪುಸ್ತಕಕ್ಕೂ ಯಾರು ಉಲ್ಲೇಖ ಕೊಟ್ಟಿದ್ದಾರೆಂದು ಸಿಗುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಪಟ್ಟಿ ಶುದ್ಧಿ. ಪುಸ್ತಕ ವಿಮರ್ಶೆಗಳಿಗೆ ಪುಸ್ತಕದ್ದೇ ಶೀರ್ಷಿಕೆ ಇರುವುದರಿಂದ ಪುಸ್ತಕಕ್ಕೆ ಸಲ್ಲಬೇಕಾದ ಉಲ್ಲೇಖ ವಿಮರ್ಶಕರ ಖಾತೆಗೆ ಹೋಗಿಬಿಟ್ಟಿರುತ್ತದೆ. ಆವೃತ್ತಿಗಳದ್ದು ಇನ್ನೊಂದು ತಲೆನೋವು. ಹ್ಯಾಲಿಡೇ ಅವರ ಫಂಕ್ಷನಲ್ ಗ್ರಾಮರ್ ಪ್ರವೇಶಿಕೆ 1985, 1994, 2004, 2014ರಲ್ಲಿ ಬಂದಿದೆ. 2004ರಿಂದ ಮತೀಸನ್ ಕೂಡ ಲೇಖಕರು, 2014ರಲ್ಲಿ ಶೀರ್ಷಿಕೆಯೂ ತುಸು ಬದಲು. ಒಂದೇ ಕೃತಿ ಎನ್ನಬೇಕೋ ನಾಲ್ಕೋ? ನಾನು ಒಂದೇ ಎನ್ನುತ್ತೇನೆ, ಹಾಗೆ ಮಾಡಿದ್ದೇನೆಂದು ವರದಿಯಲ್ಲಿ ಬರೆಯುತ್ತೇನೆ. ಪಬ್ಲಿಷ್ ಆರ್ ಪೆರಿಷ್‌ನಲ್ಲಿ ಒಂದು ಸಾಲನ್ನು ಇನ್ನೊಂದರ ಮೇಲೆ ಎಳೆದು ಬಿಟ್ಟರೆ ಎರಡೂ ಸೇರುತ್ತವೆ. ಎರಡು ಆವೃತ್ತಿಯನ್ನೂ ಉಲ್ಲೇಖಿಸಿದ ಲೇಖನ ಆಗ ಎರಡು ಸಲ ಎಣಿಕೆಯಾಗುತ್ತದೆ, ಅದು ನೆನಪಿರಲಿ.

ಶುದ್ಧಿ ಮಾಡದಿದ್ದರೆ ಏನಾಗುತ್ತದೆ? ಹತ್ತು ಬರಹಗಳಿಗೆ ಕ್ರಮವಾಗಿ 120, 46, 21, 14, 9, 7, 6, 3, 1, 0 ಉಲ್ಲೇಖ ಎಂದಿಟ್ಟುಕೊಳ್ಳಿ. ಆರನೆಯದಕ್ಕೆ 7 ಇದೆ, ಏಳನೆಯದಕ್ಕೆ 6 ಮಾತ್ರ, ಎಚ್-ಇಂಡೆಕ್ಸ್ 6. ಈಗ 6 ಮತ್ತು 3 ಉಲ್ಲೇಖದ ಸಾಲುಗಳು ಒಂದೇ ಲೇಖನದ ವರ್ಕಿಂಗ್ ಪೇಪರ್ (ಕರಡು ರೂಪ) ಹಾಗೂ ಜರ್ನಲ್ ರೂಪ ಎಂದು ತಿಳಿದು ಸೇರಿಸಿದರೆ 9 ಆಗುತ್ತದೆ, ಇಂಡೆಕ್ಸ್ 7ಕ್ಕೇರುತ್ತದೆ. ಇತ್ತ 120 ಉಲ್ಲೇಖದ ವ್ಯಾಕರಣ ಗ್ರಂಥಕ್ಕೆ 1200 ಬಂದರೂ ಇಂಡೆಕ್ಸ್ ಅಲುಗಾಡುವುದಿಲ್ಲ! 2005ರಲ್ಲಿ ಈ ಅಳತೆ ಸೂಚಿಸಿದ ಹಿರ್ಷ್ ಭೌತವಿಜ್ಞಾನಿ. ಒಂದು ಭಾಷೆಯ ವ್ಯಾಕರಣಕ್ಕೆ ವರ್ಷಾನುಗಟ್ಟಲೆ ದುಡಿಯುವವರಿಗೆ ಅದು ಸರಿಹೊಂದುವುದಿಲ್ಲ. ಹಾಗಾಗಿ ಅತಿಹೆಚ್ಚು ಉಲ್ಲೇಖದ ಐದು ಕೃತಿಗಳನ್ನು ಹೆಸರಿಸಿ ಪಕ್ಕದಲ್ಲೇ ಕೊಡುತ್ತೇನೆ. ಜಿ-ಇಂಡೆಕ್ಸ್ ಎಂಬ ಇನ್ನೊಂದು ಅಳತೆ ಹೆಚ್ಚು ಉಲ್ಲೇಖ ಪಡೆದ ಕೃತಿಗೆ ಬೆಲೆ ಕೊಡುತ್ತದೆ, ಆದರೆ ಓದುವವರಿಗೆ ವಿವರಿಸುವುದೇ ಕಷ್ಟ.

ಸ್ವೋಲ್ಲೇಖ (ತಮ್ಮ ಬರಹವನ್ನು ತಾವೇ ಉಲ್ಲೇಖಿಸಿದ್ದು) ತೆಗೆಯಲು ಸ್ಕೋಪಸ್‌ನಲ್ಲಿ ಆಯ್ಕೆ ಇದೆ. ಗೂಗಲ್ ಸ್ಕಾಲರ್‌ನಲ್ಲಿ ಕೈಯಾರೆ ನೋಡಬೇಕು. ಮೊದಲ ಐದು ಕೃತಿಗಳಿಗಷ್ಟೇ ನಾನು ಆ ಕೆಲಸ ಮಾಡುವುದು.

ಹೋಲಿಕೆ ಮಾಡಲೇಬೇಕೆಂದರೆ ಅದೇ ಉಪಶಾಖೆಯವರೊಡನೆ, ವೃತ್ತಿಯಲ್ಲಿ ಅಷ್ಟೇ ವರ್ಷ ಕಳೆದವರೊಡನೆ. ಕಂಪ್ಯೂಟೇಷನಲ್ ಲಿಂಗ್ವಿಸ್ಟಿಕ್ಸ್‌ನಲ್ಲಿ ಉಲ್ಲೇಖ ಬೇಗ ಬರುತ್ತದೆ, ಬೇಗ ಹಳತಾಗುತ್ತದೆ; ವರ್ಣನಾತ್ಮಕ ವ್ಯಾಕರಣಕ್ಕೆ ದಶಕಗಳ ಕಾಲ ನಿಧಾನವಾಗಿ ಬರುತ್ತಲೇ ಇರುತ್ತದೆ. ಐದು ವರ್ಷದ ಅವಧಿಯಲ್ಲಿ ಎರಡನ್ನೂ ಇಟ್ಟು ನೋಡಿ ಎನ್ನುವ ಸಮಿತಿಗೆ ನಾನು ಎರಡು ಪ್ರತ್ಯೇಕ ಕೋಷ್ಟಕ ಕೊಡುತ್ತೇನೆ. ಪ್ರತಿ ಕೋಷ್ಟಕದ ಕೆಳಗೆ ಮೂಲ, ಹುಡುಕಿದ ಹೆಸರಿನ ರೂಪಗಳು, ತೆಗೆದ ದಿನಾಂಕ ಇರುತ್ತವೆ. ಸಿಎಸ್‌ವಿ ಕಡತವನ್ನೂ (ಎಣಿಕೆಯ ಸಾಲುಗಳಿರುವ ಸರಳ ಕೋಷ್ಟಕ) ಜೊತೆಗೇ ಕಳಿಸುತ್ತೇನೆ.