ಪಂಚಾಯಿತಿ ಲೆಕ್ಕ ನೋಡುವುದು ಹೇಗೆ? ಮೊದಲು ಒಂದು ಟೇಪು ಹುಡುಕಿ

ಗ್ರಾಮಸಭೆ ಅಂದರೆ ನಮ್ಮ ಕಡೆ ಏನಾಗುತ್ತದೆ ಗೊತ್ತಲ್ಲ. ಯಾರೋ ಎದ್ದು ‘ದುಡ್ಡೆಲ್ಲ ನುಂಗಿಬಿಟ್ರಿ’ ಎಂದು ಕೂಗುತ್ತಾರೆ, ವೇದಿಕೆ ಮೇಲಿದ್ದವರು ‘ದಾಖಲೆ ಇದ್ರೆ ಕೊಡ್ರಿ’ ಅನ್ನುತ್ತಾರೆ, ಒಂದಷ್ಟು ಹೊತ್ತು ಗಲಾಟೆ, ಆಮೇಲೆ ಕಾಫಿ ಬರುತ್ತದೆ, ಸಭೆ ಮುಗೀತು. ಸಕಲೇಶಪುರದ ಕಡೆಯಾದರೂ ಅಷ್ಟೇ, ಕಡೂರಿನ ಕಡೆಯಾದರೂ ಅಷ್ಟೇ. ದಾಖಲೆ ಇರುವುದು ಪಂಚಾಯಿತಿಯ ಬೀರುವಿನಲ್ಲಿ. ಕೇಳುವುದಾದರೆ ಅದನ್ನೇ ಕೇಳಬೇಕು.

ಇಡೀ ಪಂಚಾಯಿತಿಯ ಲೆಕ್ಕಕ್ಕೆ ಕೈ ಹಾಕಬೇಡಿ, ಸುಸ್ತಾಗಿ ಬಿಡುತ್ತೀರಿ. ನೀವು ದಿನಾ ಓಡಾಡುವ ಜಾಗದ ಒಂದೇ ಒಂದು ಕಾಮಗಾರಿ ಹಿಡಿಯಿರಿ. ಮನೆ ಮುಂದಿನ ಕಾಂಕ್ರೀಟ್ ರಸ್ತೆ ಅಂತಲೇ ಇಟ್ಟುಕೊಳ್ಳಿ.

ಹಣ ಯಾವುದು?

ಮೊದಲು ಆ ವರ್ಷದ ಕ್ರಿಯಾ ಯೋಜನೆ ನೋಡಿ. ಕಾಮಗಾರಿಯ ಹೆಸರು, ಮೊತ್ತ, ಯಾವ ಅನುದಾನ ಎಲ್ಲ ಅದರಲ್ಲಿ ಇರುತ್ತದೆ. 15ನೇ ಹಣಕಾಸು ಆಯೋಗದ ಹಣವಾದರೆ, ಅಂದರೆ ಕೇಂದ್ರದಿಂದ ಬರುವ ಅನುದಾನವಾದರೆ, ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿ ಮೊಬೈಲ್‌ನಲ್ಲೇ ನೋಡಬಹುದು. 2021ರಿಂದ 2026ರವರೆಗಿನ ಈ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ 40ನ್ನು ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದು, ಸಂಬಳಕ್ಕೆ ಮಾತ್ರ ಬಳಸುವಂತಿಲ್ಲ. ನೀರಿನ ಹಣದಲ್ಲಿ ಸ್ವಾಗತ ಕಮಾನು ಎದ್ದು ನಿಂತಿದ್ದರೆ ನಿಮ್ಮ ಮೊದಲ ಪ್ರಶ್ನೆ ಅಲ್ಲೇ ಸಿಕ್ಕಿತು.

ಮೂರು ಕಾಗದ, ಒಂದು ಟೇಪು

ಆಮೇಲೆ ಮೂರು ಕಾಗದ ಕೇಳಿ: ಅಂದಾಜು ಪಟ್ಟಿ, ಎಂ.ಬಿ. ಅಂದರೆ ಅಳತೆ ಪುಸ್ತಕದ ಆ ಪುಟ, ಹಣ ಕೊಟ್ಟ ವೋಚರ್. ಈ ಮೂರರಲ್ಲಿ ಎಂ.ಬಿ. ಮುಖ್ಯ. ಅಂದಾಜು ಪಟ್ಟಿ ಹೇಳುವುದು ಏನು ಮಾಡಬೇಕಿತ್ತು ಎಂದು, ಎಂ.ಬಿ. ಹೇಳುವುದು ಏನು ಆಗಿದೆ ಎಂದು. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು, ಉದ್ದ, ಅಗಲ, ದಪ್ಪ ಬರೆದು ಸಹಿ ಹಾಕಬೇಕು. ಅದರ ಮೇಲೇ ಬಿಲ್ ಆಗುವುದು.

ಈಗ ಟೇಪು ತೆಗೆದುಕೊಂಡು ರಸ್ತೆಗೆ ಇಳಿಯಿರಿ. ಪುಸ್ತಕದಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂತ ಇದ್ದರೆ 45 ಘನ ಮೀಟರ್ ಕಾಂಕ್ರೀಟ್‌ಗೆ ದುಡ್ಡು ಹೋಗಿದೆ ಎಂದರ್ಥ. ಉದ್ದ ಅಗಲದಲ್ಲಿ ಸಾಮಾನ್ಯವಾಗಿ ಯಾರೂ ಕಳ್ಳಾಟ ಆಡುವುದಿಲ್ಲ, ಕಣ್ಣಿಗೆ ಕಾಣುತ್ತಲ್ವಾ. ದಪ್ಪ ನೋಡಿ. ರಸ್ತೆಯ ಅಂಚಿನ ಮಣ್ಣು ಸ್ವಲ್ಪ ಕೆದಕಿದರೆ ಗೊತ್ತಾಗುತ್ತದೆ. ಆದರೆ ಒಂದೇ ಕಡೆ ಅಳೆದು ತೀರ್ಮಾನಕ್ಕೆ ಬರಬೇಡಿ, ಅಂಚಿನಲ್ಲಿ ತೆಳ್ಳಗಿದ್ದು ಮಧ್ಯ ಸರಿ ಇರಲೂಬಹುದು. ನಾಲ್ಕೈದು ಕಡೆ ಅಳೆದು, ಟೇಪು ಕಾಣುವ ಹಾಗೆ ಫೋಟೊ ತೆಗೆದಿಡಿ. ಎಲ್ಲ ಕಡೆಯೂ 10 ಸೆಂಟಿಮೀಟರೇ ಬಂದರೆ ಬಿದ್ದಿರುವುದು 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಎಲ್ಲಿ ಹೋಯಿತು ಎಂದು ಆಗ ಕೇಳಿ, ಕೂಗುವ ಅಗತ್ಯವೇ ಇರುವುದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಅಳೆಯುವುದಿದ್ದರೆ ಮುಂಗಾರು ಶುರುವಾಗುವ ಮೊದಲೇ ಅಳೆಯಿರಿ. ಆಮೇಲೆ ಹೋದರೆ ‘ಮಳೆಗೆ ಕೊಚ್ಚಿಹೋಯ್ತು ಸಾರ್’ ಎಂಬ ಉತ್ತರ ರೆಡಿ ಇರುತ್ತದೆ, ಕೆಲವು ಸಲ ಅದು ನಿಜವೂ ಆಗಿರುತ್ತದೆ.

ಅಳೆಯಲಾಗದ ಖರ್ಚು

ಅರಸೀಕೆರೆ, ಕಡೂರಿನಂಥ ಬಯಲುಸೀಮೆಯಲ್ಲಿ ರಸ್ತೆಗಿಂತ ಜಾಸ್ತಿ ನೋಡಬೇಕಾದ್ದು ಬೋರ್‌ವೆಲ್ ಖರ್ಚು. ಮೋಟಾರ್ ರೀವೈಂಡಿಂಗ್, ಪೈಪು, ಟ್ಯಾಂಕರ್ ನೀರು. ಎಲ್ಲ ಸಣ್ಣ ಸಣ್ಣ ಬಿಲ್, ಟೆಂಡರ್ ರಗಳೆ ಇಲ್ಲ. ಯಾವ ಬೋರಿನ ಮೋಟಾರ್, ಎಷ್ಟು ಎಚ್‌ಪಿ, ಯಾವತ್ತು ಸುಟ್ಟಿತು ಎಂದು ಬಿಲ್‌ನಲ್ಲಿ ಇದೆಯೇ ನೋಡಿ. ಒಂದೇ ಬೇಸಿಗೆಯಲ್ಲಿ ಒಂದೇ ಮೋಟಾರ್ ಮತ್ತೆ ಮತ್ತೆ ಸುಟ್ಟಿದ್ದರೆ ನೀರುಗಂಟಿಯನ್ನು ಸುಮ್ನೆ ಮಾತಿಗೆಳೆಯಿರಿ, ಕಾಗದಕ್ಕಿಂತ ಜಾಸ್ತಿ ಅವನಿಗೆ ಗೊತ್ತಿರುತ್ತದೆ. ಬೀದಿದೀಪದ ಬಲ್ಬು ಕೊಂಡಿದ್ದರೆ ದಾಸ್ತಾನು ವಹಿಯಲ್ಲಿ ಎಷ್ಟು ಬಂತು, ಯಾವ ಕಂಬಕ್ಕೆ ಹೋಯಿತು ಎಂದು ಬರೆದಿರಬೇಕು.

ಬರುವ ಹಣವನ್ನೂ ಮರೆಯಬೇಡಿ. ಡಿಸಿಬಿ ಎಂಬ ಒಂದು ಪಟ್ಟಿ ಇರುತ್ತದೆ: ಎಷ್ಟು ತೆರಿಗೆ ಬೇಡಿಕೆ, ಎಷ್ಟು ವಸೂಲಿ, ಎಷ್ಟು ಬಾಕಿ. ಮೂಡಿಗೆರೆ ಕಡೆ ಹೋಂಸ್ಟೇ, ರೆಸಾರ್ಟ್ ಇರುವ ಪಂಚಾಯಿತಿಗಳಲ್ಲಿ ಇದು ಬಹಳ ಸ್ವಾರಸ್ಯದ ಪಟ್ಟಿ. ಹೆಂಚಿನ ಮನೆಯವರು ಕಟ್ಟಿರುತ್ತಾರೆ, ಬಾಕಿ ಯಾರದ್ದು ನೋಡಿ.

ಎಲ್ಲಿ ಕೇಳುವುದು?

ಮೂರು ದಾರಿ ಇವೆ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಜಮಾಬಂದಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಹಿಂದಿನ ವರ್ಷದ ವಹಿಗಳನ್ನು ಮೇಜಿನ ಮೇಲಿಟ್ಟು, ಕಾಮಗಾರಿ ಜಾಗಕ್ಕೂ ಹೋಗಿ ನೋಡುವ ಸಭೆ ಅದು. ಲೆಕ್ಕ ಕೇಳಲು ಇದಕ್ಕಿಂತ ಒಳ್ಳೆಯ ದಿನ ಇಲ್ಲ, ಆದರೂ ಖಾಲಿ ಕುರ್ಚಿಗಳೇ ಜಾಸ್ತಿ.

ಅಲ್ಲಿ ಕಾಗದ ಸಿಗಲಿಲ್ಲವೆಂದರೆ ಮಾಹಿತಿ ಹಕ್ಕು. ಅರ್ಜಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಪ್ರತಿ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಹಾಗಾಗಿ ‘ಐದು ವರ್ಷದ ಎಲ್ಲ ದಾಖಲೆ’ ಎಂದು ಬರೆಯಬೇಡಿ, ತಿರಸ್ಕರಿಸಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ‘ಇಂಥ ವರ್ಷದ ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಎಂ.ಬಿ. ಪುಟ, ವೋಚರ್ ಪ್ರತಿ’ ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು ಇದೆ.

ನೀವೇ ಸದಸ್ಯರಾಗಿದ್ದರೆ ಇನ್ನೊಂದು ಕೆಲಸ ಇದೆ. ಪಂಚಾಯಿತಿ ಖಾತೆಯಿಂದ ಹಣ ಹೋಗಲು ಅಧ್ಯಕ್ಷರದ್ದೂ ಪಿಡಿಒದ್ದೂ ಸಹಿ ಬೇಕು, ಈಗ ಅದು ಡಿಜಿಟಲ್ ಸಹಿ. ಆ ಸಹಿ ಇರುವುದು ಡಾಂಗಲ್ ಎಂಬ ಪೆನ್‌ಡ್ರೈವ್‌ನಂಥ ಸಾಧನದಲ್ಲಿ. ಎರಡೂ ಡಾಂಗಲ್ ಒಬ್ಬರ ಡ್ರಾಯರ್‌ನಲ್ಲೇ ಇದ್ದರೆ ಎರಡು ಸಹಿ ಇಟ್ಟು ಏನು ಬಂತು? ಮಹಿಳಾ ಅಧ್ಯಕ್ಷರ ಡಾಂಗಲ್ ಯಾರ ಕೈಯಲ್ಲಿದೆ ಎಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಇಷ್ಟಾದ ಮೇಲೆ ಆಡಿಟ್ ವರದಿ ಕೇಳಿ. ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯವರು ಬಂದು ಆಕ್ಷೇಪಣೆ ಬರೆದು ಹೋಗಿರುತ್ತಾರೆ, ಅದಕ್ಕೆ ಪಂಚಾಯಿತಿ ಅನುಪಾಲನಾ ವರದಿ, ಅಂದರೆ ಲಿಖಿತ ಉತ್ತರ, ಕೊಡಬೇಕು. ನಿಮ್ಮ ರಸ್ತೆಯ ಬಗ್ಗೆ ಅವರೂ ಒಂದು ಕಂಡಿಕೆ (ಪ್ಯಾರಾ) ಬರೆದಿದ್ದರೆ ನಿಮ್ಮ ಟೇಪಿನ ಅಳತೆ, ಫೋಟೊ, ಆ ಕಂಡಿಕೆಯ ಪ್ರತಿ ಮೂರನ್ನೂ ಸೇರಿಸಿ ಇಒಗೆ ಒಂದು, ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಒಂದು ಅರ್ಜಿ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಮಾತ್ರ ಕಚೇರಿ ಬಿಟ್ಟು ಬರಬೇಡಿ.